ಇವತ್ತು ಆಟ ಎಲ್ಲಿ ಅಂತ ಹೇಳಲು ಎಷ್ಟು ಜಾವಾಸ್ಕ್ರಿಪ್ಟ್ ಬೇಕು?

ಮಂಗಳೂರಿನ ನಮ್ಮ ಆಫೀಸಿಗೆ ರಿಪೇರಿಗೆ ಬಂದ ವೆಬ್‌ಸೈಟ್ ಒಂದು ಯಕ್ಷಗಾನ ಮೇಳದ್ದು. ಊರೂರು ಸುತ್ತಿ ಆಟ ಆಡುವ ತಿರುಗಾಟ ಶುರುವಾದರೆ, ಅದು ಮುಗಿಯುವ ಪತ್ತನಾಜೆವರೆಗೂ ಜನ ಕೇಳುವುದು ಮೂರೇ: ಇವತ್ತು ಆಟ ಎಲ್ಲಿ, ಪ್ರಸಂಗ ಯಾವುದು, ಎಷ್ಟು ಗಂಟೆಗೆ. ಮೇಳದವರ ದೂರು ಮಾತ್ರ ಬೇರೆಯೇ ಇತ್ತು. "ಗ್ರೂಪಿಗೆ ಲಿಂಕ್ ಹಾಕಿದ್ರೆ ಊರಿನ ಹೆಸರೇ ಬರುದಿಲ್ಲ ಮಾರಾಯ್ರೆ!"

ಪುಟದ ಒಳಗಿನ ಕೋಡ್ ತೋರಿಸುವ ವ್ಯೂ ಸೋರ್ಸ್ ತೆಗೆದರೆ ಒಂದು ಖಾಲಿ ಡಿವ್ (ಬರೀ ಪೆಟ್ಟಿಗೆ), ಅದರ ಕೆಳಗೆ ಜಾವಾಸ್ಕ್ರಿಪ್ಟಿನಲ್ಲಿ ಬರೆದ ಸ್ಕ್ರಿಪ್ಟುಗಳ (ಬ್ರೌಸರಿನೊಳಗೆ ಓಡುವ ಪ್ರೋಗ್ರಾಮುಗಳ) ಸಾಲು. ಸ್ಕ್ರಿಪ್ಟ್ ಇಳಿಯಬೇಕು, ಓಡಬೇಕು, ಆಮೇಲೆ ಅದು ಸರ್ವರಿನಿಂದ ಪಟ್ಟಿ ತರಬೇಕು. ಪ್ರಿವ್ಯೂ ತೋರಿಸುವ ವಾಟ್ಸ್ಆ್ಯಪ್ ಸ್ಕ್ರಿಪ್ಟ್ ಓಡಿಸುತ್ತ ಕೂರುವುದಿಲ್ಲ. ಪುಟದ ಬರಹ ಹೊತ್ತು ಬಂದ ಎಚ್‌ಟಿಎಮ್‌ಎಲ್‌ನಲ್ಲಿ ಏನಿದೆಯೋ ಅಷ್ಟೇ. ಹೆಬ್ರಿ ದಾಟಿ ಆಗುಂಬೆ ಕಡೆ ಹೊರಟವನ ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದರೆ ಬರೀ ಬಿಳಿ ಪರದೆ.

200 ಕೆಬಿ ಫೋಟೊ, 200 ಕೆಬಿ ಸ್ಕ್ರಿಪ್ಟ್ ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಫೋಟೊ ಬಂದರೆ ತೋರಿಸಿದರಾಯಿತು. ಸ್ಕ್ರಿಪ್ಟನ್ನು ಫೋನು ಓದಿ, ಕಂಪೈಲ್ ಮಾಡಿ (ತನ್ನ ಭಾಷೆಗೆ ತಿರುಗಿಸಿ), ಓಡಿಸಬೇಕು. ಕಡಿಮೆ ಬೆಲೆಯ ಫೋನಾದರೆ ಅಷ್ಟು ಹೊತ್ತು ಎಷ್ಟು ಒತ್ತಿದರೂ ಪುಟ ಜಪ್ಪಯ್ಯ ಅನ್ನುವುದಿಲ್ಲ.

"ಈಗ ಜಾವಾಸ್ಕ್ರಿಪ್ಟ್ ಆಫ್ ಮಾಡಿಡೋರು ಯಾರಿದ್ದಾರೆ ಸರ್?" ಅಂದ ನಮ್ಮ ಹೊಸ ಹುಡುಗ. ನ್ಯಾಯವಾದ ಪ್ರಶ್ನೆ. 2013ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ವಿಭಾಗ ತನ್ನ ಜಾಲತಾಣದಲ್ಲೇ ಇದನ್ನು ಅಳೆದು ನೋಡಿತ್ತು. ಸ್ಕ್ರಿಪ್ಟ್ ಸಿಗದವರು ಶೇ. 1.1. ಅದರಲ್ಲಿ ಆಫ್ ಮಾಡಿಟ್ಟವರು, ಬ್ರೌಸರೇ ಹಳತಾದವರು ಸೇರಿ ಶೇ. 0.2 ಮಾತ್ರ. ಉಳಿದವರದು ಬ್ರೌಸರ್ ಸರಿಯಿದ್ದೂ ಸ್ಕ್ರಿಪ್ಟ್ ಓಡಲಿಲ್ಲ.

ಇನ್ನೊಂದು ಕಿರಿಕಿರಿ: ಪ್ರತಿ ಊರಿನ ಹೆಸರೂ ಲಿಂಕ್ ಅಲ್ಲ, ಆನ್‌ಕ್ಲಿಕ್ ಹಾಕಿದ, ಅಂದರೆ ಒತ್ತಿದಾಗ ಸ್ಕ್ರಿಪ್ಟ್ ಓಡುವ ಡಿವ್. ಕೀಬೋರ್ಡಿನ ಟ್ಯಾಬ್ ಕೀ ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ, ಒತ್ತಿ ಹಿಡಿದರೆ ಹೊಸ ಟ್ಯಾಬಿನಲ್ಲಿ ತೆರೆಯುವ ಆಯ್ಕೆ ಬರುವುದಿಲ್ಲ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅದು ಲಿಂಕ್ ಅಂತಲೇ ಗೊತ್ತಾಗುವುದಿಲ್ಲ. ಬ್ರೌಸರ್ ಪುಕ್ಕಟೆ ಕೊಡುವುದನ್ನು ಕಿತ್ತುಹಾಕಿ, ಅರ್ಧಂಬರ್ಧ ನಾವೇ ಕಟ್ಟುವುದು ಯಾವ ಚಂದಕ್ಕೆ?

ಈಗ ಪಟ್ಟಿ ಸರ್ವರಿನಿಂದಲೇ ಎಚ್‌ಟಿಎಮ್‌ಎಲ್ ಆಗಿ ಬರುತ್ತದೆ. ಪ್ರಸಂಗದ ವಿವರ ಬಿಚ್ಚಿ ಮುಚ್ಚಲು ಎಚ್‌ಟಿಎಮ್‌ಎಲ್‌ನದೇ ಡೀಟೇಲ್ಸ್ ಟ್ಯಾಗ್ ಸಾಕಾಯಿತು. ಊರಿನ ಹೆಸರು ಟೈಪ್ ಮಾಡಿ ಹುಡುಕುವುದಕ್ಕೆ ಮಾತ್ರ ಸಣ್ಣ ಸ್ಕ್ರಿಪ್ಟ್ ಉಳಿಸಿದ್ದೇವೆ. ಅದು ಕೈಕೊಟ್ಟರೂ ಪಟ್ಟಿ ಅಲ್ಲೇ ಇರುತ್ತದೆ. ಮೇಲ್ಗಡೆ ತಿರುಗುತ್ತಿದ್ದ ಕಿರೀಟವನ್ನು ತೆಗೆಯಲು ಮಾತ್ರ ಮೇಳದವರು ಸುತಾರಾಂ ಒಪ್ಪಲಿಲ್ಲ. ಅದನ್ನು ಸ್ಕ್ರಿಪ್ಟ್ ಇಲ್ಲದೆ, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲೇ ತಿರುಗಿಸಿ ಕೊಟ್ಟೆವು.