ವರ್ಷಗಟ್ಟಲೆ ನಿಂತ ಆರ್‌ಎಕ್ಸ್ 100: ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಸಾಲದೇ?

ಐದಾರು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಯಮಹಾ ಆರ್‌ಎಕ್ಸ್ 100 ಕೊಂಡು, ಅದನ್ನು ಮಣ್ಣಿನ ದಾರಿಗೆ ಇಳಿಸಬೇಕು ಅನ್ನುವವರು ಕೇಳುವುದು ಒಂದೇ: "ಪ್ಲಗ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತಾ?" ಬಹುಮಟ್ಟಿಗೆ ಆಗುತ್ತದೆ. ಅಪಾಯ ಇರುವುದೇ ಅಲ್ಲಿ. ಟೂ ಸ್ಟ್ರೋಕ್ ಇಂಜಿನ್ ಸ್ಟಾರ್ಟ್ ಆಗುವುದು ಸುಲಭ, ಆಮೇಲಿನ ಹತ್ತು ನಿಮಿಷ ಸೀಜ್ ಆಗದೆ, ಅಂದರೆ ಪಿಸ್ಟನ್ ಕಚ್ಚಿ ನಿಲ್ಲದೆ, ಉಳಿಯುವುದು ಕಷ್ಟ. ಈ ಗಾಡಿ ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ. ಒಳ್ಳೆಯ ಮೂಲ ಬ್ಲಾಕ್ (ಪಿಸ್ಟನ್ ಓಡುವ ಸಿಲಿಂಡರ್) ಹಾಳಾದರೆ ಅಂಥದ್ದೇ ಇನ್ನೊಂದು ಹುಡುಕಿ ಸುಸ್ತಾಗುತ್ತೀರಿ. ಹಾಗಾಗಿ ಕಿಕ್ಕರ್ ಮುಟ್ಟುವುದು ಕೊನೆಗೆ.

ಮೊದಲು ಪ್ಲಗ್ ಬಿಚ್ಚಿ, ರಂಧ್ರದೊಳಗೆ 10–15 ಮಿ.ಲೀ. ಟೂಟಿ (2ಟಿ, ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬಿಟ್ಟು ಒಂದು ರಾತ್ರಿ ಇರಲಿ. ಮರುದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಿಡಿದುಕೊಂಡರೆ ಬಲಪ್ರಯೋಗ ಬೇಡ. ತುಕ್ಕಿಗೆ ಅಂಟಿದ ಪಿಸ್ಟನ್ ರಿಂಗನ್ನು ಕಿಕ್ಕಿನಲ್ಲಿ ಬಿಡಿಸಹೋದರೆ ರಿಂಗ್ ಮುರಿದು ಪೋರ್ಟಿಗೆ (ಬ್ಲಾಕಿನ ಗೋಡೆಯ ಕಿಂಡಿಗೆ) ಸಿಕ್ಕಿಕೊಳ್ಳುತ್ತದೆ. ಹೆಡ್, ಬ್ಲಾಕ್ ಇಳಿಸಿಯೇ ನೋಡಿ. ಇಳಿಸಿದ ಮೇಲೆ ರಿಂಗನ್ನು ಬೋರಿನೊಳಗೆ (ಬ್ಲಾಕಿನ ಕೊಳವೆಯೊಳಗೆ) ನೇರವಾಗಿ ತಳ್ಳಿ, ತುದಿಗಳ ನಡುವೆ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ. 50 ಮಿ.ಮೀ. ಬೋರಿಗೆ 0.15ರಿಂದ 0.35 ಮಿ.ಮೀ. ಸರಿ. ಅರ್ಧ ಮಿ.ಮೀ. ದಾಟಿದ್ದರೆ ಹೊಸ ರಿಂಗ್ ಬೇಕು. ಬೋರಿನಲ್ಲಿ ಉಗುರಿಗೆ ತಾಗುವ ಗೀರಿದ್ದರೆ ಲೇತಿಗೆ ಕೊಟ್ಟು ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ: ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡು ಆಯಿಲ್ ಸೀಲ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಉಂಗುರ. ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಮ್ಯಾಗ್ನೆಟ್ (ಪ್ಲಗ್ಗಿಗೆ ಕರೆಂಟ್ ಹುಟ್ಟಿಸುವ ಭಾಗ) ಕಡೆಯ ಸೀಲ್ ಹೋದರೆ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪೆಟ್ರೋಲಿಗೆ ಆಯಿಲ್ ಬೆರೆಸಿದ್ದರೆ ಅದೂ ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕಿರುಚುತ್ತದೆ, ಪಿಸ್ಟನ್ ಕಾದು ಹಿಡಿಯುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಪರೀಕ್ಷೆಗೆ ದುಬಾರಿ ಸಾಧನ ಬೇಡ. ಎಕ್ಸಾಸ್ಟ್ ಪೋರ್ಟಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ತಗಡಿನಿಂದ ಬಿಗಿಯಿರಿ, ಪಂಪಿನಿಂದ ಆಯಿಲ್ ಬರುವ ಟೂಟಿ ನಳಿಕೆ ಮುಚ್ಚಿ, ಪ್ಲಗ್ ಹಾಕಿ, ಪಿಸ್ಟನ್ ಕೆಳಗಿಳಿಸಿ. ಕಾರ್ಬುರೇಟರ್ ಕೂರುವ ಬಾಯಿಗೆ ತೂತು ಮಾಡಿದ ರಬ್ಬರ್ ಬಿರಡೆ ಹಾಕಿ, ಬಿಪಿ ನೋಡುವ ಡಯಲ್ ಯಂತ್ರದ ಬಲ್ಬಿನಿಂದ ಗಾಳಿ ತುಂಬಿ. ಅದರ ಮುಳ್ಳು 300ಕ್ಕೆ ಬಂದರೆ ಸುಮಾರು 6 ಪಿಎಸ್‌ಐ ಒತ್ತಡ, ಅಷ್ಟೇ ಸಾಕು. ಐದಾರು ನಿಮಿಷ ನಿಂತರೆ ಇಂಜಿನ್ ಗಟ್ಟಿ. ಬೇಗ ಇಳಿದರೆ ಸೋಪಿನ ನೀರು ಸವರಿ ಗುಳ್ಳೆ ಹುಡುಕಿ: ಮ್ಯಾಗ್ನೆಟ್ ಹಿಂದೆ, ಬ್ಲಾಕಿನ ಬುಡದ ಪ್ಯಾಕಿಂಗಿನಲ್ಲಿ, ಇನ್‌ಟೇಕ್ ರಬ್ಬರಿನ ಬಿರುಕಿನಲ್ಲಿ. ಗೇರ್ ಆಯಿಲ್ ಮುಚ್ಚಳ ತೆಗೆದಾಗ ಅಲ್ಲಿಂದ ಗಾಳಿ ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ.

ಇಂಜಿನ್‌ಗೆ ತಾನೇ ಆಯಿಲ್ ಕೊಡುವ ಹಳೆಯ ಟೂಟಿ ಪಂಪನ್ನು ಮೊದಲ ದಿನವೇ ನಂಬಬೇಡಿ. ನಳಿಕೆಯಲ್ಲಿ ಗಾಳಿ ಗುಳ್ಳೆ ಸಿಕ್ಕಿದ್ದರೂ ಇಂಜಿನ್‌ಗೆ ಆಯಿಲ್ ಬರುವುದಿಲ್ಲ. ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ಇಲ್ಲದೆ ಆಯಿಲ್ ಬರುವವರೆಗೆ ಬಿಡಿ. ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 25 ಮಿ.ಲೀ. ಟೂಟಿ ನೀವೇ ಬೆರೆಸಿ, ಅಂದರೆ 40ಕ್ಕೆ 1. ಪಂಪ್ ಎಳೆಯುತ್ತಿದೆ ಎಂಬುದು ಗಾಡಿಯ ಟೂಟಿ ಡಬ್ಬಿಯ ಮಟ್ಟ ಇಳಿದದ್ದರಿಂದ ಖಾತ್ರಿಯಾದ ಮೇಲೆಯೇ ಬೆರೆಸುವುದನ್ನು ನಿಲ್ಲಿಸಿ. ಕೊಳ್ಳುವ ಆಯಿಲ್ ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ದರ್ಜೆ) ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ. ಫೋರ್ ಸ್ಟ್ರೋಕ್ ಆಯಿಲ್ ಇಲ್ಲಿಗೆ ಬೇಡವೇ ಬೇಡ.

ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ಚೆಲ್ಲಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಆ ನೀರು ಕೊನೆಗೆ ತಳದಲ್ಲಿ ಕೂತು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ತುಕ್ಕಿದ್ದರೆ ವಿನೆಗರ್ ತುಂಬಿ ರಾತ್ರಿ ಬಿಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ. ಕಾರ್ಬುರೇಟರಿನಲ್ಲಿ ಪೈಲಟ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಕಟ್ಟಿರುತ್ತದೆ, ಬೆಳಕಿಗೆ ಹಿಡಿದರೆ ತೂತು ಸ್ಪಷ್ಟವಾಗಿ ಕಾಣಬೇಕು. ಗಟ್ಟಿ ತಂತಿಯಿಂದ ಚುಚ್ಚಿದರೆ ತೂತು ಹಿಗ್ಗುತ್ತದೆ, ಕ್ಲೀನರ್ ಮತ್ತು ಗಾಳಿ ಮಾತ್ರ ಬಳಸಿ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇ20ಯಲ್ಲಿ (ಶೇ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ) ಹಳೆ ಜೆಟ್ ತುಸು ಸಾಲದಾಗುತ್ತದೆ. ಮೇನ್ ಜೆಟ್ ಒಂದು ಸೈಜ್ ಮೇಲಿನದು ಹಾಕಿ, ಪ್ಲಗ್ ಬಣ್ಣ ನೋಡಿ.

ಏರ್ ಫಿಲ್ಟರ್ ಡಬ್ಬಿ ಕಿತ್ತು ಸದ್ದು ಹೆಚ್ಚಿಸುವ ಚಾಳಿ ಮಣ್ಣಿನ ಓಟಕ್ಕೆ ಶುದ್ಧ ತಪ್ಪು. ಟೂ ಸ್ಟ್ರೋಕ್‌ನಲ್ಲಿ ಒಳಬರುವ ಧೂಳು ಕ್ರ್ಯಾಂಕ್ ಬೇರಿಂಗಿನ ಮೇಲೆ ಹಾದೇ ಪಿಸ್ಟನ್ನಿಗೆ ಹೋಗುವುದು. ಫೋಮಿಗೆ ಆಯಿಲ್ ಹಚ್ಚಿ ಹಿಂಡಿ, ಡಬ್ಬಿಯ ಜೋಡಣೆಗೆ ಗ್ರೀಸ್ ಸವರಿ.

ಉಳಿದದ್ದು ಬೇಗ: ಪ್ಲಗ್ ಅಂತರ 0.6 ಮಿ.ಮೀ., ಕರೆಂಟ್ ಕಡಿಯುವ ಪಾಯಿಂಟ್ ಇರುವ ಮ್ಯಾಗ್ನೆಟ್ ಆದರೆ ಪಾಯಿಂಟಿನ ಅಂತರ 0.35. ಗೇರ್ ಆಯಿಲ್ ಹೊಸದು. ಬ್ರೇಕ್ ಶೂ ಹೊಳಪುಗಟ್ಟಿದ್ದರೆ ಎಮರಿ ಪೇಪರ್ ಉಜ್ಜಿ, ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ಸಡಿಲ ಹುಡುಕಿ.

ಈಗ ಕಿಕ್. ಐದು ನಿಮಿಷ ನಿಧಾನಕ್ಕೆ ಓಡಿ ಪೂರ್ತಿ ತಣಿಯಲಿ, ಹೀಗೆ ಮೂರು ಸಲ. ಹೆಡ್ ಬೋಲ್ಟ್ ತಣ್ಣಗಿರುವಾಗ ಮತ್ತೆ ಬಿಗಿಯಿರಿ. ನಂತರ ಮೂರನೇ ಗೇರಿನಲ್ಲಿ ಸ್ವಲ್ಪ ದೂರ ಎಳೆದು, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಕಾಫಿ ಬಣ್ಣವಿದ್ದರೆ ಮಣ್ಣಿಗೆ ಇಳಿಸಿ. ಬೆಳ್ಳಗಿದ್ದರೆ ಅಲ್ಲಿಂದ ಒಂದು ಮೀಟರ್ ಕೂಡ ಓಡಿಸದೆ ತಳ್ಳಿಕೊಂಡು ಬಂದು, ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ಮತ್ತೆ ಹುಡುಕಿ.