ನಾಲ್ಕು ಸಾವಿರ ಆಳುಗಳ ಮುದುಕ

ನಾನು ಬದುಕಿನ ಬಹುಪಾಲನ್ನು ನೋಂದಣಿ ಕಚೇರಿಯ ಎದುರು ಪತ್ರ ಬರೆಯುತ್ತಾ ಕಳೆದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು. ಹಾಗಾಗಿ ಕಥೆ ಓದುವಾಗಲೂ ನನ್ನ ಕಣ್ಣು ಮೊದಲು ಹುಡುಕುವುದು ಷೆಡ್ಯೂಲನ್ನು: ಯಾರ ಹೆಸರಿನಲ್ಲಿ ಎಷ್ಟಿದೆ, ಅದು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಮೇಲೆ ಸಾಲವಿದೆಯೋ ಇಲ್ಲವೋ. ಈ ಚಾಳಿಗೆ ತಕ್ಕ ಸಾಹಿತ್ಯವೆಂದರೆ ಹತ್ತೊಂಬತ್ತನೆಯ ಶತಮಾನದ ರಷ್ಯಾದ್ದು. ಅಲ್ಲಿ ಪಾತ್ರ ಬಾಗಿಲು ದಾಟಿ ಒಳಗೆ ಬರುವ ಮೊದಲೇ ಅವನ ಆಸ್ತಿ ಎಷ್ಟೆಂದು ಲೇಖಕ ಹೇಳಿಬಿಡುತ್ತಾನೆ. ಎಕರೆಯಲ್ಲಿ ಅಲ್ಲ, ಆಳಿನಲ್ಲಿ. ಜಮೀನಿಗೆ ಕಟ್ಟುಬಿದ್ದ ಗಂಡಾಳುಗಳ ತಲೆ ಎಣಿಸಿ ಜಮೀನುದಾರನ ತೂಕ ಹೇಳುತ್ತಿದ್ದ ಕಾಲ ಅದು. ಆ ಜೀತ ರದ್ದಾದದ್ದು 1861ರಲ್ಲಿ. ನಾನು ಹೇಳಹೊರಟಿರುವ ಕಥೆ ಅಚ್ಚಾದದ್ದು ಅದಕ್ಕೆ ಎರಡೇ ವರ್ಷ ಮೊದಲು, 1859ರಲ್ಲಿ. ದಾಸ್ತೊಯೆವ್‌ಸ್ಕಿ ಬರೆದ ‘ಚಿಕ್ಕಪ್ಪನ ಕನಸು’. ಕೊಲೆ, ಪಾಪಪ್ರಜ್ಞೆ, ದೇವರಿದ್ದಾನೋ ಇಲ್ಲವೋ ಎಂಬ ಜಗಳ, ಇವು ಯಾವುವೂ ಇದರಲ್ಲಿಲ್ಲ. ಇರುವುದು ಒಬ್ಬ ತಾಯಿ ಮಗಳಿಗೆ ಗಂಡು ಹುಡುಕುವ ಪ್ರಹಸನ.

ಊರು ಮೊರ್ದಾಸೊವ್. ನಕಾಶೆಯಲ್ಲಿ ಸಿಗದ ಒಂದು ಪುಟ್ಟ ಪಟ್ಟಣ. ಅಲ್ಲಿನ ‘ಮೊದಲ ಹೆಂಗಸು’ ಮಾರ್ಯಾ ಅಲೆಕ್ಸಾಂದ್ರೊವ್ನಾ ಮೊಸ್ಕಲ್ಯೊವಾ. ಈಕೆಯ ಗಂಡ ಅಫನಾಸಿ ಮತ್ವೇಯಿಚ್ ಸರ್ಕಾರಿ ಹುದ್ದೆಯಲ್ಲಿದ್ದವನು, ಕೈಲಾಗದವನೆಂದು ಅದನ್ನು ಕಳೆದುಕೊಂಡವನು. ಅವನನ್ನು ಊರಿಂದ ಮೂರು ವೆರ್ಸ್ತ್ ದೂರದ, ಅಂದರೆ ಮೂರು ಕಿಲೋಮೀಟರಿಗಿಂತ ತುಸು ಆಚೆಯ ಹಳ್ಳಿಗೆ ಅಟ್ಟಿ ಇಟ್ಟಿದ್ದಾಳೆ. ಅವನು ಅಲ್ಲಿ ಚಹಾ ಕುಡಿಯುತ್ತಾ, ಬಿಸಿನೀರಿನ ಸ್ನಾನ ಮಾಡುತ್ತಾ ಹಾಯಾಗಿದ್ದಾನೆ. ಆ ಹಳ್ಳಿಯ 120 ಆಳುಗಳೇ ಮನೆಯ ಒಟ್ಟು ಆಸ್ತಿ. ಊರಿನಲ್ಲಿ ಅವಳ ದರ್ಬಾರು ನಡೆಯುವುದು ಆ 120ರ ದುಡಿಮೆಯ ಮೇಲೆ. ಮಗಳು ಜೀನಾಗೆ 23 ವರ್ಷ, ಊರಿಗೇ ಚೆಲುವೆ, ಇನ್ನೂ ಮದುವೆಯಾಗಿಲ್ಲ. ಬಡ ಶಾಲಾ ಮಾಸ್ತರನೊಬ್ಬನ ಮೇಲೆ ಮನಸ್ಸಿಟ್ಟಿದ್ದಳೆಂಬ ಗುಲ್ಲು ಬೇರೆ. ಆ ಮಾಸ್ತರ ಈಗ ಕ್ಷಯದಿಂದ ಹಾಸಿಗೆ ಹಿಡಿದಿದ್ದಾನೆ. ಸದ್ಯಕ್ಕೆ ಬಾಗಿಲಲ್ಲಿ ನಿಂತಿರುವ ವರ ಪೀಟರ್ಸ್‌ಬರ್ಗಿನಿಂದ ಬಂದ ಮೊಜ್ಗ್ಲ್ಯಾಕೊವ್. ವಯಸ್ಸು 25, ಆಸ್ತಿ 150 ಆಳು. ತಾಯಿ ಅವನನ್ನು ಒಪ್ಪಿಯೂ ಇಲ್ಲ, ಬಿಟ್ಟೂ ಇಲ್ಲ. ಬೇರೇನೂ ಸಿಗದಿದ್ದರೆ ಇರಲಿ ಎಂದು ಕೈಯಳತೆಯಲ್ಲಿ ಇಟ್ಟುಕೊಂಡಿದ್ದಾಳೆ.

ಇದೇ ಮೊಜ್ಗ್ಲ್ಯಾಕೊವ್ ಒಂದು ಬೆಳಗ್ಗೆ ದಾರಿಯಲ್ಲಿ ಗಾಡಿ ಮಗುಚಿ ಬಿದ್ದಿದ್ದ ಪ್ರಿನ್ಸ್ ಕೆ.ಯನ್ನು ಎತ್ತಿಕೊಂಡು ಅವಳ ಮನೆಗೆ ಬರುತ್ತಾನೆ. ದೂರದ ನೆಂಟಸ್ತಿಕೆಯ ಎಳೆ ಹಿಡಿದು ಅವನನ್ನು ಚಿಕ್ಕಪ್ಪ ಎಂದು ಕರೆಯುತ್ತಾನೆ. ಪ್ರಿನ್ಸ್ ಎಂಬುದು ಬಿರುದು. ಮನುಷ್ಯ ಮಾತ್ರ ಬಿಡಿಭಾಗಗಳ ಜೋಡಣೆ. ತಲೆಗೂದಲು ಕೃತಕ, ಮೀಸೆ ಕೃತಕ, ಒಂದು ಕಣ್ಣು ಗಾಜಿನದು, ಒಂದು ಕಾಲು ಬೆಂಡಿನದು, ಮುಖದ ಮೇಲೆ ಬಣ್ಣ, ಸೊಂಟಕ್ಕೆ ಬಿಗಿಪಟ್ಟಿ. ನೆನಪು ಇನ್ನೂ ಸೊಗಸು. ಇಂಗ್ಲಿಷ್ ಕವಿ ಬೈರನ್ ತನ್ನ ಗೆಳೆಯ, ಯುರೋಪಿನ ದೊರೆಗಳು ಸೇರಿದ್ದ ವಿಯೆನ್ನಾ ಸಮಾವೇಶದಲ್ಲಿ ಎಷ್ಟು ಚೆನ್ನಾಗಿ ಕುಣಿದ ಎನ್ನುತ್ತಾನೆ. ಎರಡು ಮಾತಿನ ನಂತರ ಕುಣಿದವನು ಬೈರನ್ ಅಲ್ಲ, ಯಾರೋ ಪೋಲೆಂಡಿನವನು ಎಂದಾಗುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಆ ಪೋಲೆಂಡಿನವನು ಕೌಂಟ್ ಎಂದು ಹೇಳಿಕೊಂಡು ತಿರುಗುತ್ತಿದ್ದ ಅಡುಗೆಯವನು ಎಂದು ತಿಳಿಯುತ್ತದೆ. ಇಂತಹ ಪ್ರಿನ್ಸ್‌ಗೆ ಊರಿಂದ 60 ವೆರ್ಸ್ತ್ ದೂರದಲ್ಲಿ ದೂರದ ಸಂಬಂಧಿಯೊಬ್ಬಳಿಂದ ಬಂದ 4000 ಆಳುಗಳ ಆಸ್ತಿ ಇದೆ. ಪಾಲುದಾರರಿಲ್ಲ.

120, 150, 4000. ಈ ಮೂರು ಅಂಕಿಗಳು ಒಂದೇ ಸೂರಿನಡಿ ಬಂದ ಮೇಲೆ ಕಥೆಯ ಗತಿ ನಿಮಗೂ ಹೊಳೆದಿರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಶ್ನೆ: ಈ ಮದುವೆ ನಡೆದೇಬಿಟ್ಟಿದ್ದರೆ ಜೀನಾಗೆ ದಕ್ಕುತ್ತಿದ್ದುದು ಎಷ್ಟು?

ಆಗಿನ ರಷ್ಯಾದ ಕಾನೂನು ನಮ್ಮವರಿಗೆ ಅಷ್ಟೇನೂ ಅಪರಿಚಿತವಲ್ಲ. ಕುಲದಿಂದ ಬಂದ ಸ್ಥಿರಾಸ್ತಿ ಬೇರೆ, ಸ್ವಂತ ಗಳಿಕೆ ಬೇರೆ. ಗಳಿಸಿದ್ದನ್ನು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ಕುಲದ ಸ್ವತ್ತನ್ನು ವಾರಸುದಾರರನ್ನು ಬಿಟ್ಟು ಹೊರಗೆ ಬರೆಯುವಂತಿಲ್ಲ. ಗಂಡ ಸತ್ತರೆ ವಿಧವೆಗೆ ಸ್ಥಿರಾಸ್ತಿಯಲ್ಲಿ ಏಳನೇ ಒಂದು ಪಾಲು, ಚರಾಸ್ತಿಯಲ್ಲಿ ನಾಲ್ಕನೇ ಒಂದು ಪಾಲು. ಪ್ರಿನ್ಸ್‌ನದು ನೆಂಟರಿಂದ ಇಳಿದುಬಂದದ್ದಾದ್ದರಿಂದ ಉಯಿಲಿನ ಆಸೆ ಬಿಟ್ಟು ಕೆಟ್ಟ ಲೆಕ್ಕವನ್ನೇ ಹಿಡಿಯೋಣ. 4000ದ ಏಳನೇ ಒಂದು ಪಾಲೆಂದರೆ 571. ಇಷ್ಟೇ ಸಿಕ್ಕರೂ ಮೊಜ್ಗ್ಲ್ಯಾಕೊವ್‌ನ ಒಟ್ಟು ಆಸ್ತಿಯ ಮೂರೂಮುಕ್ಕಾಲು ಪಟ್ಟು! ಇನ್ನೊಂದು ಅನುಕೂಲವೂ ಇತ್ತು. ರಷ್ಯಾದಲ್ಲಿ 1753ರಿಂದಲೇ ಮದುವೆಯಾದ ಹೆಂಗಸಿನ ಸ್ವತ್ತು ಅವಳದೇ. ಗಂಡನ ಅಪ್ಪಣೆಯಿಲ್ಲದೆ ಮಾರಬಹುದಿತ್ತು. ಇಂಗ್ಲೆಂಡಿನ ಹೆಂಗಸರು ಅಂಥದ್ದಕ್ಕೆ 1882ರವರೆಗೆ ಕಾದರು. ಅಂದರೆ ವಿಧವೆ ಜೀನಾ ಮುಂದೆ ಯಾರನ್ನು ಕಟ್ಟಿಕೊಂಡರೂ ಆ 571 ಅವಳ ಹೆಸರಿನಿಂದ ಅಲುಗುವುದಿಲ್ಲ. ಎಂಬತ್ತು ದಾಟಿದವರಿಗೆ ಅಲ್ಲಿ ಮದುವೆಯೇ ನಿಷಿದ್ಧ. ಪ್ರಿನ್ಸ್ ನೋಡಲು ಉದುರಿಬೀಳುವಂತಿದ್ದರೂ ಅಂಥಾ ಮುದುಕನೇನಲ್ಲ ಎಂದು ಲೇಖಕ ಮೊದಲೇ ಹೇಳಿಟ್ಟಿದ್ದಾನೆ. ಕಾನೂನಿನ ತೊಡಕು ಉಳಿಯುವುದು ಒಂದೇ ಕಡೆ, ವರನ ಬುದ್ಧಿ ನೆಟ್ಟಗಿದೆಯೇ ಎಂಬಲ್ಲಿ. ಅವನನ್ನು ಹುಚ್ಚನೆಂದು ಸಾಧಿಸಿ ಆಸ್ತಿಯನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಪೀಟರ್ಸ್‌ಬರ್ಗಿನ ನೆಂಟರು ಕಾಯುತ್ತಲೇ ಇದ್ದಾರೆ. ಮಾರ್ಯಾ ಅಲೆಕ್ಸಾಂದ್ರೊವ್ನಾಳಿಗೆ ಅವಸರವಿದ್ದದ್ದು ಅದಕ್ಕೇ.

ಮಗಳನ್ನು ಒಪ್ಪಿಸುವ ಅಧ್ಯಾಯವೇ ಈ ಪುಸ್ತಕದ ತಿರುಳು. ಜೀನಾ ಪೆದ್ದಿಯಲ್ಲ; ಬಾಯಿ ತೆರೆಯುವ ಮೊದಲೇ ತಾಯಿಯನ್ನು ಓದಿಬಿಡುತ್ತಾಳೆ. ಅದಕ್ಕೇ ತಾಯಿ ದುಡ್ಡಿನ ಮಾತಿನಿಂದ ಶುರು ಮಾಡುವುದಿಲ್ಲ. ಇದು ಮದುವೆಯೇ ಅಲ್ಲ, ರೋಗಿಯ ಆರೈಕೆ ಎನ್ನುತ್ತಾಳೆ. ಆಮೇಲೆ ತ್ಯಾಗ, ಅನಾಥ ಮುದುಕನ ಮೇಲೆ ಕರುಣೆ. ಮಗಳು ಅಲುಗದಾಗ ಸ್ಪೇನ್ ದೇಶವನ್ನೇ ಎಳೆದು ತರುತ್ತಾಳೆ: ಅಲ್ಹಾಂಬ್ರಾ ಅರಮನೆ, ನಿಂಬೆಯ ಮರಗಳು, ಗ್ವಾದಲ್ಕಿವಿರ್ ನದಿ; ನಮ್ಮೂರಿನ, ಹೆಸರು ಹೇಳಲೂ ನಾಚಿಕೆಯಾಗುವ ಕೊಳಕು ಹೊಳೆಯಲ್ಲ. ಅದೂ ನಾಟದಾಗ ಕೊನೆಯ ದಾಳ: ಆ ದುಡ್ಡಿನಿಂದ ನಿನ್ನ ಬಡ ಮಾಸ್ತರನನ್ನು ಉಳಿಸಬಹುದಲ್ಲ! ಇಷ್ಟು ದಿನ ಅವನನ್ನೂ ಅವನ ಷೇಕ್ಸ್‌ಪಿಯರನನ್ನೂ ಶಪಿಸುತ್ತಿದ್ದ ಬಾಯಿಯೇ ಇದು. ಮಗಳು ಸೋಲುವುದು ಅಲ್ಲಿ. ಮೋಸ ಹೋಗಿ ಅಲ್ಲ, ಮೋಸವೆಂದು ತಿಳಿದೇ.

ಕದ್ದು ಕೇಳಿಸಿಕೊಂಡ ಮೊಜ್ಗ್ಲ್ಯಾಕೊವ್ ಕೆಂಡವಾಗಿ ನುಗ್ಗಿದಾಗ ಈ ತಾಯಿ ಅವನಿಗೂ ಒಂದು ಕಥೆ ಕಟ್ಟಿ ಕೊಡುತ್ತಾಳೆ. ಜೀನಾಗೆ ನಿನ್ನ ಮೇಲೇ ಪ್ರೀತಿ, ಇದೆಲ್ಲ ನಿನ್ನನ್ನು ಪರೀಕ್ಷಿಸಲು. ಪ್ರಿನ್ಸ್ ಇನ್ನೆಷ್ಟು ದಿನ, ಆಮೇಲೆ ಶ್ರೀಮಂತ ವಿಧವೆಯ ಕೈ ಹಿಡಿಯುವವನು ನೀನೇ ಅಲ್ಲವೇ? ಅವನು ಕಣ್ಣೊರೆಸಿಕೊಂಡು, ಮನಸ್ಸು ತುಂಬಿಕೊಂಡು ಹೊರಗೆ ನಡೆಯುತ್ತಾನೆ. ಒಂದೇ ಸ್ವತ್ತನ್ನು ಬೆಳಗ್ಗೆ ಒಬ್ಬರಿಗೆ, ಸಂಜೆ ಒಬ್ಬರಿಗೆ ಕ್ರಯಕ್ಕೆ ಬರೆದುಕೊಟ್ಟ ಮಹಾನುಭಾವರನ್ನು ಕಂಡಿದ್ದೇನೆ. ಇಷ್ಟು ಸೊಗಸಾಗಿ ಬರೆದುಕೊಟ್ಟವರನ್ನು ಕಂಡಿಲ್ಲ.

ಗಂಡನನ್ನು ಹಳ್ಳಿಯಿಂದ ಕರೆತರುವ ಭಾಗ ಓದುವಾಗ ನಾನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಹೆಣ್ಣಿನ ತಂದೆ ಸಭೆಯಲ್ಲಿ ಇರಲೇಬೇಕಲ್ಲ. ಅವನಿಗೆ ಹೆಂಡತಿಯ ಪಾಠ ಚಿಕ್ಕದು: ಯಾರು ಏನು ಕೇಳಿದರೂ ಗಂಭೀರವಾಗಿ ‘ಹ್ಞೂಂ’ ಎನ್ನಬೇಕು, ಅದಕ್ಕಿಂತ ಹೆಚ್ಚು ಬಾಯಿ ಬಿಡಬಾರದು. ಹೆಂಡತಿ ಉರಿಯುತ್ತಿರುವಾಗ ಆ ಮನುಷ್ಯನ ಚಿಂತೆಯೆಲ್ಲ ಹಳ್ಳಿಯಲ್ಲಿ ಬಿಟ್ಟುಬಂದ ಸುಖದ ಮೇಲೆ. ಇಂತಹ ಸಾಕ್ಷಿಗಳನ್ನು ಬೆಂಚಿನ ಮೇಲೆ ಕೂರಿಸಿ, ‘ಹೆಸರು ಕೇಳಿದರೆ ಹೆಸರು ಹೇಳಿ, ಮಿಕ್ಕಿದ್ದಕ್ಕೆ ತಲೆಯಾಡಿಸಿ ಯಜಮಾನರೇ’ ಎಂದು ನಾನೇ ಹೇಳಿಕೊಟ್ಟಿದ್ದಿದೆ.

ಇನ್ನು ಸಂಚು ಕುಸಿಯುವ ಬಗೆ. ಪ್ರಿನ್ಸ್ ಊಟ ಮುಗಿಸಿ, ಕುಡಿದು, ಜೀನಾಳ ಹಾಡು ಕೇಳಿ ಕರಗಿ ಮದುವೆಯ ಮಾತು ಆಡಿಯೇಬಿಟ್ಟಿದ್ದಾನೆ. ಆಮೇಲೆ ಒಂದು ನಿದ್ದೆ. ಅಷ್ಟರಲ್ಲಿ ಬೀದಿಯ ಚಳಿಗೆ ಅಮಲಿಳಿದ ಮೊಜ್ಗ್ಲ್ಯಾಕೊವ್ ಹಿಂದಿರುಗಿ, ಎದ್ದು ಕುಳಿತ ಮುದುಕನಿಗೆ ಒಂದೇ ಮಾತು ತುಂಬುತ್ತಾನೆ: ಚಿಕ್ಕಪ್ಪ, ಅದು ನಡೆದದ್ದಲ್ಲ, ನೀವು ಕಂಡ ಕನಸು. ಪ್ರಿನ್ಸ್‌ಗೆ ನಿರಾಳ. ಸಂಜೆ ಊರಿನ ಹೆಂಗಸರೆಲ್ಲ ಕರೆಯದೆಯೇ ಬಂದು ತುಂಬಿದ್ದಾರೆ. ಮಾರ್ಯಾ ಅಲೆಕ್ಸಾಂದ್ರೊವ್ನಾ ಅವರೆದುರು ನಿಶ್ಚಿತಾರ್ಥ ಸಾರಿಬಿಡುತ್ತಾಳೆ. ಮುದುಕ ಮಾತ್ರ, ತಾನು ಬಹಳ ಚೆಂದದ ಕನಸು ಕಂಡೆನೆಂದು ಹಟ ಹಿಡಿಯುತ್ತಾನೆ. ಪತ್ರದಲ್ಲಿ ‘ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಲೆಕ್ಕವಿಲ್ಲದಷ್ಟು ಸಲ ಬರೆದ ಕೈ ನನ್ನದು. ಈ ಮನುಷ್ಯನಿಂದ ಅಂತಹ ಪತ್ರಕ್ಕೆ ಸಹಿ ಹಾಕಿಸುವುದನ್ನು ಊಹಿಸಿಕೊಂಡೇ ಬೆವರಿದೆ. ಸಭೆ ಮುರಿದುಬೀಳುತ್ತದೆ, ಹೆಂಗಸರು ಉಗುರು ಹೊರಗೆ ಹಾಕುತ್ತಾರೆ. ಕೊನೆಗೆ ಜೀನಾ ಎದ್ದುನಿಂತು ಎಲ್ಲವನ್ನೂ ಎಲ್ಲರೆದುರೂ ಒಪ್ಪಿಕೊಂಡು ಮುದುಕನ ಕ್ಷಮೆ ಕೇಳುತ್ತಾಳೆ. ಮೂರನೆಯ ದಿನ ಪ್ರಿನ್ಸ್ ಹೋಟೆಲಿನ ಕೋಣೆಯಲ್ಲಿ ಸಾಯುತ್ತಾನೆ. ಮಾಸ್ತರನೂ ಸಾಯುತ್ತಾನೆ. ಆ ಸಾವಿನ ಪುಟಗಳಲ್ಲಿ ಲೇಖಕ ನಗು ಬದಿಗಿಟ್ಟು ಅಳಿಸಲು ಕೂರುತ್ತಾನೆ. ನನಗೆ ಅವು ಬೇರೆ ಪುಸ್ತಕದಿಂದ ಹಾರಿಬಂದ ಹಾಳೆಗಳಂತೆ ಕಂಡವು.

ರಷ್ಯಾದ ಇನ್ನೊಬ್ಬ ಲೇಖಕ ಗೊಗೊಲ್‌ನ ‘ಮದುವೆ’ ನಾಟಕದಲ್ಲಿಯೂ ಷೆಡ್ಯೂಲು ಓದುವ ವರನೊಬ್ಬನಿದ್ದಾನೆ. 1842ರಲ್ಲಿ ರಂಗಕ್ಕೆ ಬಂದ ಅದು ನಡೆಯುವುದು ಪೀಟರ್ಸ್‌ಬರ್ಗಿನಲ್ಲಿ. ಹೆಣ್ಣು ನೋಡಲು ಬಂದ ಯಾಯಿಚ್ನಿತ್ಸಾ ಕೈಯಲ್ಲಿ ಪಟ್ಟಿ ಹಿಡಿದು ಎರಡಂತಸ್ತಿನ ಕಲ್ಲಿನ ಮನೆಯನ್ನು ತಾಳೆ ನೋಡುತ್ತಾನೆ. ಮನೆ ಒತ್ತೆಯಲ್ಲಿದೆ, ಬಡ್ಡಿಯನ್ನೂ ಕಟ್ಟಿಲ್ಲ ಎಂದು ಬೇರೊಬ್ಬ ಸುಳ್ಳು ಹೇಳಿದ ಕೂಡಲೇ ನಂಬಿಬಿಡುತ್ತಾನೆ. ಋಣಭಾರ ಪತ್ರ ತೆಗೆಸಿ ನೋಡಬಾರದೇ ಮಾರಾಯ! ಗೊಗೊಲ್‌ನ ವರರಿಗೆ ಆಸೆ ಇದೆ, ತಾಳ್ಮೆಯಿಲ್ಲ. ಮಾರ್ಯಾ ಅಲೆಕ್ಸಾಂದ್ರೊವ್ನಾಳಲ್ಲಿ ಎರಡೂ ಇದ್ದವು.

ಇದನ್ನು ಬರೆಯುವಾಗ ದಾಸ್ತೊಯೆವ್‌ಸ್ಕಿ ಇದ್ದದ್ದು ಸೆಮಿಪಲಾತಿನ್ಸ್ಕಿನಲ್ಲಿ. ಸೈಬೀರಿಯಾದ ಓಮ್ಸ್ಕ್ ಸೆರೆಮನೆಯ ನಾಲ್ಕು ವರ್ಷ ಮುಗಿಸಿ, ಸಾಮಾನ್ಯ ಸಿಪಾಯಿಯಾಗಿ ಆ ಊರಿಗೆ ತಳ್ಳಲ್ಪಟ್ಟಿದ್ದ. 1857ರಲ್ಲಿ ಕುಜ್ನೆತ್ಸ್ಕಿನಲ್ಲಿ ಮಾರಿಯಾ ಇಸಾಯೆವಾ ಎಂಬ ವಿಧವೆಯನ್ನು ಸಾಲ ಮಾಡಿ ಮದುವೆಯಾದ. ಅವನಿಗೆ ಅಲ್ಲಿ ಎದುರಾಳಿಯಾಗಿದ್ದವನು ಒಬ್ಬ ಬಡ ಶಾಲಾ ಮಾಸ್ತರ. ಕಥೆಯ ಮಾಸ್ತರನ ಮೇಲೆ ಅಷ್ಟು ಕಣ್ಣೀರು ಏಕೆ ಸುರಿಯಿತೋ ಯಾರು ಬಲ್ಲರು. ಮೊದಲು ಇದನ್ನು ಪ್ರಹಸನವಾಗಿ ಬರೆಯಹೊರಟು ಆಮೇಲೆ ಕಥೆಯಾಗಿಸಿದ. ಮೊರ್ದಾಸೊವ್‌ನ ಹೆಂಗಸರ ಮಾತಿಗಿರುವ ವೇಗ, ಬಾಗಿಲುಗಳ ಹಿಂದೆ ಕದ್ದು ಕೇಳುವವರ ಸಾಲು ಅಲ್ಲಿಂದಲೇ ಉಳಿದುಬಂದಿರಬೇಕು. ಅದೇ ವರ್ಷ ಅಚ್ಚಾದ ‘ಸ್ತೆಪಾಂಚಿಕೊವೊ ಗ್ರಾಮ’ದಲ್ಲಿಯೂ ದುಡ್ಡಿರುವ ಅರೆಮರುಳು ಹೆಣ್ಣನ್ನು ಹಾರಿಸಿಕೊಂಡು ಹೋಗಲು ಗಂಡಸರು ಹೊಂಚುತ್ತಾರೆ. ಆ ಪುಸ್ತಕದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕಥೆಯ ಕೊನೆಗೆ ಮೂರು ವರ್ಷ ದಾಟಿ, ಬಹು ದೂರದ ಸೀಮೆಯೊಂದರಲ್ಲಿ ಮೊಜ್ಗ್ಲ್ಯಾಕೊವ್ ಗವರ್ನರ್-ಜನರಲ್‌ನ ಮನೆಯ ಔತಣಕ್ಕೆ ಹೋಗುತ್ತಾನೆ. ವಯಸ್ಸಾದ ಆ ಅಧಿಕಾರಿಯ ಹೆಂಡತಿ ಜೀನಾ. ಅವಳು ಇವನ ಗುರುತು ಹಿಡಿಯುವುದಿಲ್ಲ. ಪಕ್ಕದಲ್ಲಿ ತಾಯಿಯೂ ಇದ್ದಾಳೆ, ಇನ್ನಷ್ಟು ಎತ್ತರದ ಗತ್ತಿನಲ್ಲಿ. ಇವನು ಮುಖದ ಮೇಲೆ ವ್ಯಂಗ್ಯದ ನಗು ತಂದುಕೊಂಡು ಎಷ್ಟೋ ಹೊತ್ತು ಒರಗಿ ನಿಲ್ಲುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ನಾನು ಓದುತ್ತಾ ಮೇಜು ಕುಟ್ಟಿದೆ. ಆ ತಾಯಿಯ ಪರ ಇಷ್ಟು ಹಿಗ್ಗುವುದು ಸರಿಯಲ್ಲವೆಂದು ಮನೆಯವಳು ಹೇಳಿದಳು, ಇರಬಹುದು.

1873ರಲ್ಲಿ ಒಬ್ಬರು ಈ ಕಥೆಯನ್ನು ನಾಟಕ ಮಾಡಲು ಅನುಮತಿ ಕೇಳಿದಾಗ ದಾಸ್ತೊಯೆವ್‌ಸ್ಕಿ ಬರೆದ ಉತ್ತರ ಉಳಿದಿದೆ. ಸೆರೆಯ ನಂತರ ಮತ್ತೆ ಬರಹಕ್ಕೆ ಕಾಲಿಡಬೇಕೆಂದು, ಸೆನ್ಸಾರಿಗೆ ಹೆದರಿ, ಯಾರಿಗೂ ನೋವಾಗದಂತೆ ಬರೆದದ್ದು ಇದು. ಹದಿನೈದು ವರ್ಷ ತಿರುಗಿ ಓದಿರಲಿಲ್ಲ, ಈಗ ಓದಿದರೆ ಚೆನ್ನಾಗಿಲ್ಲ ಎನ್ನುತ್ತಾನೆ. ಇಡೀ ಕಥೆಯಲ್ಲಿ ಗಂಭೀರವೆನ್ನಬಹುದಾದ ಪಾತ್ರ ಪ್ರಿನ್ಸ್ ಒಬ್ಬನೇ ಎಂದೂ ಹೇಳುತ್ತಾನೆ. ಈ ತೀರ್ಪಿಗೆ ನನ್ನ ಸಹಿ ಇಲ್ಲ. ಪ್ರಿನ್ಸ್‌ನನ್ನು ಬೇರೆ ಯಾರಾದರೂ ಬರೆಯಬಹುದಿತ್ತು; ಅಂಥ ಮುದುಕರು ಆ ಕಾಲದ ಪ್ರಹಸನಗಳಲ್ಲಿ ಬೇಕಾದಷ್ಟಿದ್ದರು. ಮಗಳಿಗೊಂದು ಸ್ಪೇನ್, ಮೊಜ್ಗ್ಲ್ಯಾಕೊವ್‌ಗೊಂದು ವಿಧವೆ, ಗಂಡನಿಗೊಂದು ‘ಹ್ಞೂಂ’ ಹಂಚಿಕೊಟ್ಟ ಮಾರ್ಯಾ ಅಲೆಕ್ಸಾಂದ್ರೊವ್ನಾಳನ್ನು ಬರೆಯಲು ಇವನೇ ಬೇಕಿತ್ತು.