ಲಾಗಿನ್ ಬಂದ್ ಮಾಡುವುದು ಯಾರ ಕೆಲಸ?

ನಮ್ಮದು ತುಮಕೂರಿನ ವಸಂತನರಸಾಪುರದಲ್ಲಿರುವ ಕಂಪನಿ. ಮೊದಲೆಲ್ಲ ಐಟಿ ಆಡಿಟ್ ಬಂತು ಅಂದ್ರೆ ಎಕ್ಸೆಲ್ ಶೀಟುಗಳ ರಾಶಿ, ಹಳೇ ಮೇಲ್‌ಗಳ ಹುಡುಕಾಟ. ಈಗ ಜಿಆರ್‌ಸಿ ಸಾಫ್ಟ್‌ವೇರ್ ಬಂದಿದೆ, ಅಂದ್ರೆ ಆಡಳಿತ, ರಿಸ್ಕ್, ನಿಯಮ ಪಾಲನೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಅದರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು, ಪ್ರತಿ ರಿಸ್ಕ್ ಮುಂದೆ ಒಬ್ಬರ ಹೆಸರು, ಒಂದು ಕೊನೇ ದಿನಾಂಕ ಇರಲೇಬೇಕು. 'ಐಟಿಯವರು ನೋಡ್ಕೋತಾರೆ' ಅಂತ ಬರೆಯೋಕೆ ಜಾಗವೇ ಇಲ್ಲ.

ಕೆಲಸ ಬಿಟ್ಟವರ ಲಾಗಿನ್ ಬಂದ್ ಮಾಡುವುದನ್ನೇ ತಗೊಳ್ಳಿ. ಎಚ್‌ಆರ್‌ನವರು ದಿನಾಂಕ ಹಾಕಿದ ಕೂಡಲೇ ಅಡ್ಮಿನ್‌ಗೆ ಟಾಸ್ಕ್ ಹೋಗುತ್ತದೆ. ಸ್ಕ್ರೀನ್‌ಶಾಟ್ ಸೇರಿಸದೆ ಅದು ಹಸಿರಾಗುವುದಿಲ್ಲ, ಅಂದ್ರೆ ಮುಗಿದಿದೆ ಅಂತ ತೋರಿಸುವುದಿಲ್ಲ. ಅದೇ ಸ್ಕ್ರೀನ್‌ಶಾಟ್ ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001 ಆಡಿಟ್‌ಗೂ ಆಗುತ್ತದೆ, ಗ್ರಾಹಕ ಕಂಪನಿಯ ತಪಾಸಣೆಗೂ ಆಗುತ್ತದೆ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು. ಲಾಗ್‌ಗಳನ್ನು, ಅಂದ್ರೆ ಸಿಸ್ಟಮ್‌ನಲ್ಲಿ ಏನೇನು ನಡೆಯಿತು ಎಂಬ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಆ 6 ಗಂಟೆಯಲ್ಲಿ ಯಾರಿಗೆ ಫೋನ್ ಮಾಡೋದು ಅಂತ ಹುಡುಕುತ್ತಾ ಕೂರೋಕಾಗುತ್ತಾ?

ಆದರೆ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿದೆ ಅಂತ ಸುಮ್ನೆ ಕೂರುವುದು ತಪ್ಪು. ಬ್ಯಾಕಪ್ ತೆಗೆದಿದ್ದೇವೆ ಅಂತ ಟಿಕ್ ಹಾಕುವುದು ಬೇರೆ, ಅದನ್ನು ವಾಪಸ್ ರೀಸ್ಟೋರ್ ಮಾಡಿ ನೋಡುವುದು ಬೇರೆ, ಅಲ್ವಾ? ರೀಸ್ಟೋರ್ ಟೆಸ್ಟನ್ನೂ ಪಟ್ಟಿಗೆ ಸೇರಿಸೋಣ ಅಂತ ಮ್ಯಾನೇಜರ್‌ಗೆ ಹೇಳಿದ್ದೇನೆ. ನಿಮ್ಮ ಆಫೀಸಿನಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ?